ಕೊನೆಯ ಸಾವಿರ ಆಡುಗಳ ಲೆಕ್ಕ

ದ್ವೀಪಗಳಿಗೆ ಮನುಷ್ಯರು ತಂದುಬಿಟ್ಟ ಪ್ರಾಣಿಗಳನ್ನು ತೆಗೆಯುವ ಯೋಜನೆಗಳ ಬಗ್ಗೆ ಸಲಹೆ ಕೇಳಿ ಬರುವವರಲ್ಲಿ ಹೆಚ್ಚಿನವರು ಓದಿಕೊಂಡವರು, ಒಳ್ಳೆಯ ಮನಸ್ಸಿನವರು. ಆದರೂ ಮಾತು ಎಲ್ಲಿಂದ ಆರಂಭವಾದರೂ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ನೂರಕ್ಕೆ ತೊಂಬತ್ತೈದನ್ನು ತೆಗೆದರೆ ಸಾಲದೇ, ಉಳಿದ ಹಣದಲ್ಲಿ ಗಿಡ ನೆಡಬಹುದಲ್ಲವೇ? ಸಾಲದು. ಏಕೆ ಸಾಲದೆಂಬುದನ್ನು ಎಷ್ಟು ಸಲ ಹೇಳಿದರೂ ಮುಂದಿನ ಸಭೆಯಲ್ಲಿ ಅದೇ ಪ್ರಶ್ನೆ ಎದುರಾಗುವುದರಿಂದ ಇಲ್ಲಿ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಶಾಂತಸಾಗರದಲ್ಲಿರುವ, ಇಕ್ವೆಡಾರ್ ದೇಶಕ್ಕೆ ಸೇರಿದ ಗಲಾಪಗಸ್ ದ್ವೀಪಸಮೂಹದ ಪಿಂಟಾ ದ್ವೀಪಕ್ಕೆ 1959ರಲ್ಲಿ ಮೀನುಗಾರರು ಒಂದು ಹೋತವನ್ನೂ ಎರಡು ಹೆಣ್ಣಾಡುಗಳನ್ನೂ ಬಿಟ್ಟರು. 1970ರ ದಶಕದ ಆರಂಭದ ಹೊತ್ತಿಗೆ ಅವುಗಳ ಸಂತತಿ ಮೂವತ್ತು ಸಾವಿರದ ಆಸುಪಾಸಿಗೆ ಬೆಳೆದಿತ್ತೆಂದು ಅಂದಾಜಿಸಲಾಯಿತು. ಆಡು ಮುಟ್ಟದ ಸೊಪ್ಪಿಲ್ಲವೆಂಬ ಮಾತು ನಮಗೆ ಹೊಸದಲ್ಲ. ಆದರೆ ಮೇಯುವ ಸಸ್ತನಿಯನ್ನೇ ಕಾಣದೆ ಬೆಳೆದ ಗಿಡಗಳಲ್ಲಿ ಹೆಚ್ಚಿನವಕ್ಕೆ ಮುಳ್ಳಿನ ರಕ್ಷಣೆಯೂ ಇರುವುದಿಲ್ಲ, ಬೇಗ ಚಿಗುರಿಕೊಳ್ಳುವ ಶಕ್ತಿಯೂ ಇರುವುದಿಲ್ಲ. ಹಡಗಿನವರು ಹಿಡಿದೊಯ್ದು ಮೊದಲೇ ವಿರಳವಾಗಿದ್ದ ಅಲ್ಲಿನ ದೈತ್ಯ ಆಮೆಗಳಲ್ಲಿ 1971ರಲ್ಲಿ ಕಂಡುಬಂದದ್ದು ಒಂದೇ ಗಂಡು. ಲೋನ್ಸಮ್ ಜಾರ್ಜ್ ಎಂದು ಹೆಸರಾದ ಆ ಆಮೆ 2012ರಲ್ಲಿ ಸತ್ತಿತು.

ಗಲಾಪಗಸ್ ರಾಷ್ಟ್ರೀಯ ಉದ್ಯಾನದ ಸಿಬ್ಬಂದಿ 1971ರಿಂದ 1982ರವರೆಗೆ ಪಿಂಟಾದಲ್ಲಿ 41,000ಕ್ಕೂ ಹೆಚ್ಚು ಆಡುಗಳನ್ನು ಬೇಟೆಯಾಡಿದರು. ಆಮೇಲೆ ಎರಡು ಬಾರಿ ಆಡುಗಳು ಮುಗಿದವೆಂದು ಘೋಷಣೆಯಾಯಿತು. ಎರಡು ಬಾರಿಯೂ ಅದು ಸುಳ್ಳಾಯಿತು. ನಿಜವಾಗಿ ಮುಗಿಯುವ ಹೊತ್ತಿಗೆ ಮೂವತ್ತು ವರ್ಷಗಳು ಸಂದಿದ್ದವು. ಮೂರು ಪ್ರಾಣಿಗಳಿಂದ ಇಷ್ಟೆಲ್ಲ ಆದ ಮೇಲೆ, ತೊಂಬತ್ತೈದರ ಆಚೆಗಿನ ಐದನ್ನು ನಗಣ್ಯವೆಂದು ಹೇಗೆ ಎಣಿಸುವುದು? ಹಿಂಡು ತೆಳುವಾದಷ್ಟೂ ಉಳಿದ ಪ್ರತಿ ಆಡಿಗೆ ದೊರೆಯುವ ಮೇವು ಹೆಚ್ಚುತ್ತದೆ, ಮರಿಗಳು ಹೆಚ್ಚಾಗಿ ಬದುಕುತ್ತವೆ, ಸಂತತಿ ಮೊದಲಿಗಿಂತ ವೇಗವಾಗಿ ಬೆಳೆಯತೊಡಗುತ್ತದೆ. ಇದರ ಜೊತೆಗೆ, ಗುಂಡಿನ ಸದ್ದಿಗೆ ಅಡಗುವುದನ್ನು ಕಲಿತವೇ ಕೊನೆಗೆ ಉಳಿದಿರುತ್ತವೆ.

ಹಣದ ಲೆಕ್ಕವನ್ನೂ ನೋಡೋಣ. ಅದೇ ದ್ವೀಪಸಮೂಹದ, 58,465 ಹೆಕ್ಟೇರ್ ವಿಸ್ತಾರದ ಸಾಂಟಿಯಾಗೊದಲ್ಲಿ ನಾಲ್ಕೂವರೆ ವರ್ಷದೊಳಗೆ 79,000ಕ್ಕೂ ಹೆಚ್ಚು ಆಡುಗಳನ್ನು ತೆಗೆಯಲಾಯಿತು. ಒಟ್ಟು ವೆಚ್ಚ ಸುಮಾರು 61 ಲಕ್ಷ ಡಾಲರ್. ಅದರಲ್ಲಿ 20 ಲಕ್ಷ ಡಾಲರ್ ಖರ್ಚಾದದ್ದು ಕೊನೆಯ ಒಂದು ಸಾವಿರ ಆಡುಗಳಿಗೆ. ಇದು ದುಂದುವೆಚ್ಚವೇ ಎಂದು ಹಣ ಕೊಡುವವರು ಕೇಳುತ್ತಾರೆ. ಆ ಇಪ್ಪತ್ತು ಲಕ್ಷವನ್ನು ಉಳಿಸಲು ಹೊರಟರೆ ಮೊದಲಿನ ನಲವತ್ತೊಂದು ಲಕ್ಷವೂ ನೀರುಪಾಲಾಗುತ್ತದೆಂಬುದನ್ನು ಅವರಿಗೆ ಮನದಟ್ಟು ಮಾಡಿಸುವುದೇ ನನ್ನ ಕೆಲಸದ ಅತಿ ಕಷ್ಟದ ಭಾಗ. ಋಣಶೇಷ, ಅಗ್ನಿಶೇಷಗಳನ್ನು ಉಳಿಸಬಾರದೆಂದು ಹಿರಿಯರು ಹೇಳುತ್ತಿದ್ದರಲ್ಲ, ಇದೂ ಅಂಥದೇ ಶೇಷ.

ಆ ಕೊನೆಯ ಆಡುಗಳನ್ನು ಹುಡುಕಲು ಆಡುಗಳನ್ನೇ ಬಳಸಬೇಕಾಗುತ್ತದೆ. ಆಡು ಒಂಟಿಯಾಗಿರಲಾರದ ಪ್ರಾಣಿ. ರೇಡಿಯೊ ಕಾಲರ್, ಅಂದರೆ ಸಂಕೇತ ಕಳಿಸುವ ಕೊರಳಪಟ್ಟಿ ತೊಡಿಸಿ ಬಿಟ್ಟರೆ ಅದು ಲಾವಾದ ಸಂದುಗಳಲ್ಲಿ ಅಡಗಿರುವ ತನ್ನವರನ್ನು ತಾನಾಗಿ ಸೇರಿಕೊಳ್ಳುತ್ತದೆ. ಬೇಟೆಗಾರರು ಸಂಕೇತದ ಜಾಡು ಹಿಡಿದು ಹೋಗಿ ಉಳಿದವನ್ನು ಕೊಂದು, ಕಾಲರ್ ಇರುವುದನ್ನು ಮತ್ತೆ ಹುಡುಕಲು ಬಿಡುತ್ತಾರೆ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಜೂಡಾಸನ ಹೆಸರಿನಿಂದ ಇದಕ್ಕೆ ಜೂಡಾಸ್ ಆಡು ಎನ್ನುತ್ತಾರೆ. ಸಾಂಟಿಯಾಗೊದಲ್ಲಿ ಕೆಲವು ಹೆಣ್ಣಾಡುಗಳಿಗೆ ಸಂತಾನಹರಣ ಮಾಡಿ, ಬಹುಕಾಲ ಬೆದೆಯಲ್ಲಿರುವಂತೆ ಮಾಡಿ ಬಿಟ್ಟದ್ದರಿಂದ ಅಡಗಿದ್ದ ಹೋತಗಳು ಬೇಗ ಸಿಕ್ಕವು.

ಕಾಲೇಜೊಂದರಲ್ಲಿ ಇದನ್ನು ವಿವರಿಸುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಸರ್, ಪಾಪ, ಹತ್ತನ್ನಾದರೂ ಬಿಟ್ಟುಬಿಡಬಾರದೇ?" ಎಂದಳು. ಆಕೆಯ ಕನಿಕರವನ್ನು ನಾನು ಗೌರವಿಸುತ್ತೇನೆ. ಕೊಲ್ಲುವ ಕೆಲಸವನ್ನು ಹಗುರವಾಗಿ ಕಾಣುವವರು ಈ ವೃತ್ತಿಗೆ ಬರಬಾರದು. ಆದರೆ ಹತ್ತನ್ನು ಬಿಟ್ಟರೆ ಅವುಗಳ ಮರಿಗಳನ್ನು ಮುಂದಿನ ವರ್ಷ ಕೊಲ್ಲಬೇಕು, ಅದರ ಮುಂದಿನ ವರ್ಷವೂ ಕೊಲ್ಲಬೇಕು. ಆ ಸರಣಿಗೆ ಕೊನೆಯೇ ಇಲ್ಲ. ಮೂವತ್ತು ಸಾವಿರದ ಆಸುಪಾಸೆಂದು ಅಂದಾಜಿಸಿದ್ದ ಪಿಂಟಾದಲ್ಲಿ, ನಡುವೆ ಹುಟ್ಟಿದವೂ ಸೇರಿ, ಕೊಂದ ಆಡುಗಳ ಒಟ್ಟು ಸಂಖ್ಯೆ 41,683. ಪ್ರಾಣಿಗಳ ಮೇಲೆ ಕರುಣೆ ಇರುವವರೇ ಕೆಲಸ ಒಮ್ಮೆಗೇ ಪೂರ್ಣವಾಗಬೇಕೆಂದು ಪಟ್ಟು ಹಿಡಿಯಬೇಕು.

ಹಾಗೆಂದು ಎಲ್ಲ ದ್ವೀಪಗಳಲ್ಲೂ ಬಂದೂಕು ಹಿಡಿಯಿರೆಂದು ನಾನು ಹೇಳುತ್ತಿಲ್ಲ. ಪ್ರತಿಯೊಂದು ಪ್ರಾಣಿಯೂ ಕೈಗೆ ಸಿಗುವಂತಿರಬೇಕು, ಹುಟ್ಟುವ ವೇಗವನ್ನು ತೆಗೆಯುವ ವೇಗ ಮೀರಬೇಕು, ಹೊರಗಿನಿಂದ ಮತ್ತೆ ಬರುವ ದಾರಿ ಮುಚ್ಚಿರಬೇಕು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ನನ್ನ ಸಲಹೆ ಬೇರೆಯೇ. ಅಂಡಮಾನಿನ ಚುಕ್ಕೆ ಜಿಂಕೆಯ ಬಗ್ಗೆ ಕೇಳುವವರಿಗೂ ಇದನ್ನೇ ಹೇಳುತ್ತೇನೆ. ಬ್ರಿಟಿಷರ ಕಾಲದಲ್ಲಿ ತಂದುಬಿಟ್ಟ ಆ ಜಿಂಕೆ ಎಳೆಯ ಸಸಿಗಳನ್ನು ಮೇದು ಕಾಡಿನ ತಳವನ್ನು ಬರಿದು ಮಾಡಿದೆ. ಅದು ಹೆಚ್ಚಿರುವಲ್ಲಿ ನೆಲದ ಹಲ್ಲಿಗಳೂ ಕಡಿಮೆಯಾಗಿರುವುದನ್ನು ಸಂಶೋಧಕರು ತೋರಿಸಿದ್ದಾರೆ. ಆದರೆ ಅದು ಈಜಿ ದ್ವೀಪದಿಂದ ದ್ವೀಪಕ್ಕೆ ದಾಟಬಲ್ಲ ಪ್ರಾಣಿ. ಒಂದು ದ್ವೀಪವನ್ನಷ್ಟೇ ಖಾಲಿ ಮಾಡುವ ಪ್ರಸ್ತಾವಕ್ಕೆ ನಾನು ಒಪ್ಪಿಗೆ ಕೊಡಲಾರೆ. ಈಜಿ ತಲುಪಬಹುದಾದ ದ್ವೀಪಗಳನ್ನೆಲ್ಲ ಒಂದೇ ಯೋಜನೆಗೆ ತಂದು, ಕೊನೆಯ ಜಿಂಕೆಯ ನಂತರದ ನಿಗಾವಣೆಗೂ ಹಣವನ್ನು ಮೊದಲೇ ತೆಗೆದಿಡುವವರೆಗೆ, ಸಸಿಗಳು ಉಳಿದಿರುವ ಜಾಗಗಳಿಗೆ ಗಟ್ಟಿಯಾದ ಬೇಲಿ ಹಾಕಿ ಕಾಯುವುದು ಸದ್ಯಕ್ಕೆ ಸರಿಯೆಂದು ನನ್ನ ಅಭಿಪ್ರಾಯ.