ಹೆಪ್ಪು ಕರಗಿಸುವ ಕಿಣ್ವಕ್ಕೆ ಮಿದುಳಿನಲ್ಲಿ ಇನ್ನೊಂದು ಕೆಲಸ

ಲಕ್ವ ಹೊಡೆದವರನ್ನು ಜಗಳೂರು, ಚನ್ನಗಿರಿ, ಮೊಳಕಾಲ್ಮೂರು ಕಡೆಯಿಂದ ದಾವಣಗೆರೆಗೆ ಕರೆತರುವ ಮನೆಯವರು ಈಗೀಗ ‘ಹೆಪ್ಪು ಕರಗಿಸುವ ಇಂಜೆಕ್ಷನ್’ ಬಗ್ಗೆ ಕೇಳುತ್ತಾರೆ. ಕೇಳುವುದು ಒಳ್ಳೆಯದೇ. ಆ ಔಷಧ ಆಲ್ಟೆಪ್ಲೇಸ್. ನಮ್ಮ ರಕ್ತನಾಳಗಳ ಒಳಪದರವೇ ಸ್ರವಿಸುವ ಟಿಪಿಎ ಎಂಬ ಕಿಣ್ವವನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದು ಅದು. ರಕ್ತದಲ್ಲಿರುವ ಪ್ಲಾಸ್ಮಿನೋಜನ್ ಅನ್ನು ಕತ್ತರಿಸಿ ಪ್ಲಾಸ್ಮಿನ್ ಮಾಡುತ್ತದೆ. ಹೆಪ್ಪಿನ ಫೈಬ್ರಿನ್ ಎಳೆಗಳನ್ನು ತುಂಡರಿಸುವುದು ಪ್ಲಾಸ್ಮಿನ್.

ಇದೇ ಟಿಪಿಎಯನ್ನು ನರಕೋಶಗಳೂ ತಯಾರಿಸುತ್ತವೆ. ನೆನಪಿಗೆ ಬೇಕಾದ ಹಿಪ್ಪೋಕ್ಯಾಂಪಸ್, ಭಯ ಮತ್ತು ಒತ್ತಡಕ್ಕೆ ಸ್ಪಂದಿಸುವ ಅಮಿಗ್ಡಲಾ, ಚಲನೆಯನ್ನು ಹದಗೊಳಿಸುವ ಸೆರೆಬೆಲ್ಲಂ, ಮೂರರಲ್ಲೂ ಅದು ಇದೆ. ಇಲಿಗಳ ಹಿಪ್ಪೋಕ್ಯಾಂಪಸ್‌ನಲ್ಲಿ ಸಿನಾಪ್ಸ್‌ಗಳು, ಅಂದರೆ ನರಕೋಶಗಳ ನಡುವಿನ ಸಂಪರ್ಕಗಳು, ಬಲಗೊಳ್ಳುವ ಹೊತ್ತಿಗೆ ಟಿಪಿಎ ಜೀನ್ ಚುರುಕಾಗುತ್ತದೆಂದು 1993ರಲ್ಲೇ ಗೊತ್ತಾಯಿತು. ಆ ಜೀನ್ ಇಲ್ಲದ ಇಲಿಗಳಲ್ಲಿ ಈ ಬಲವರ್ಧನೆಯ ದೀರ್ಘಕಾಲದ ಹಂತ ಕುಂದುತ್ತದೆ.

ಹೇಗೆ? ಮೊದಲನೆಯದು ಬಿಡಿಎನ್‌ಎಫ್ ಎಂಬ ಪೋಷಕ ಪ್ರೋಟೀನಿನ ದಾರಿ. ಅದರ ಕಚ್ಚಾ ರೂಪ ಸಿನಾಪ್ಸನ್ನು ದುರ್ಬಲಗೊಳಿಸುವ ಕಡೆಗೆ ವಾಲುತ್ತದೆ, ಪಕ್ವ ರೂಪ ಬಲಪಡಿಸುತ್ತದೆ. ಟಿಪಿಎ ಹುಟ್ಟುಹಾಕಿದ ಪ್ಲಾಸ್ಮಿನ್ ಕಚ್ಚಾ ರೂಪವನ್ನು ಕತ್ತರಿಸಿ ಪಕ್ವಗೊಳಿಸುತ್ತದೆ. ಎರಡನೆಯದು, ನರಕೋಶಗಳ ಸುತ್ತಲಿನ ಪ್ರೋಟೀನ್ ಜಾಲವನ್ನು ಸಡಿಲಿಸುವುದು. ಹೊಸ ಕಾಲುವೆಗೆ ಹಳೆಯ ಬದು ಕಡಿದ ಹಾಗೆ, ಜಾಲ ಸಡಿಲವಾದರೆ ಹೊಸ ಸಂಪರ್ಕಕ್ಕೆ ಜಾಗ ಸಿಗುತ್ತದೆ. ಮೂರನೆಯದರಲ್ಲೇ ಅಪಾಯವೂ ಇದೆ: ನರಕೋಶದ ಮೇಲೆ ಸಂಕೇತ ಹಿಡಿಯುವ ಪ್ರೋಟೀನಾದ ಎನ್‌ಎಂಡಿಎ ಗ್ರಾಹಕದ ಮೂಲಕ ಟಿಪಿಎ ನರಕೋಶದೊಳಗೆ ನುಗ್ಗುವ ಕ್ಯಾಲ್ಸಿಯಂ ಅನ್ನು ಹೆಚ್ಚಿಸುತ್ತದೆ. ಗ್ರಾಹಕದ ತುಂಡೊಂದನ್ನು ಕತ್ತರಿಸಿ ಹೀಗೆ ಮಾಡುತ್ತದೆಯೇ, ಎಲ್‌ಆರ್‌ಪಿ1 ಎಂಬ ಇನ್ನೊಂದು ಗ್ರಾಹಕದ ಮೂಲಕವೇ ಎಂಬ ವಾದ ವಿಜ್ಞಾನಿಗಳಲ್ಲಿ ಮುಗಿದಿಲ್ಲ. ಹದವಾದ ಕ್ಯಾಲ್ಸಿಯಂ ಕಲಿಕೆಗೆ ಬೇಕು, ಅತಿಯಾದರೆ ಕೋಶ ಸಾಯುತ್ತದೆ. ಮಿದುಳಿನಲ್ಲಿ ಟಿಪಿಎಗೆ ಕಡಿವಾಣ ಹಾಕುವುದು ನ್ಯೂರೋಸರ್ಪಿನ್ ಎಂಬ ಪ್ರೋಟೀನ್.

ಲಕ್ವದಲ್ಲಿ ಈ ಹದ ತಪ್ಪುತ್ತದೆ. ಹೆಪ್ಪು ನಾಳ ಮುಚ್ಚಿ ರಕ್ತ ಸಿಗದ ಭಾಗದಲ್ಲಿ, ಅದೇ ಎನ್‌ಎಂಡಿಎ ಗ್ರಾಹಕವನ್ನು ಕೆರಳಿಸುವ ಗ್ಲುಟಮೇಟ್ ಎಂಬ ರಾಸಾಯನಿಕ ಮೊದಲೇ ಉಕ್ಕಿರುತ್ತದೆ. ಹೊತ್ತು ಕಳೆದಷ್ಟೂ ರಕ್ತ-ಮಿದುಳಿನ ತಡೆಗೋಡೆ ಸೋರುತ್ತದೆ, ರಕ್ತನಾಳಕ್ಕೆ ಕೊಟ್ಟ ಟಿಪಿಎ ಅಲ್ಲಿಂದ ಒಳಗೆ ಇಳಿಯುತ್ತದೆ. ರಕ್ತಸ್ರಾವ ಆಗುವುದೂ ಹೀಗೆ ಹಾಳಾದ ಗೋಡೆಯಿಂದಲೇ. ಹಾಗೆಂದು ಔಷಧಕ್ಕೆ ಹೆದರಿ ಬೇಡವೆನ್ನುವುದು ತಪ್ಪು. 1995ರ ಅಮೆರಿಕದ ಪರೀಕ್ಷೆಯಲ್ಲಿ ಲಕ್ಷಣ ತೋರುವ ಮಿದುಳಿನ ರಕ್ತಸ್ರಾವ ಔಷಧ ಪಡೆಯದವರಲ್ಲಿ ಶೇ. 0.6 ಇದ್ದದ್ದು ಪಡೆದವರಲ್ಲಿ 6.4ಕ್ಕೆ ಏರಿದರೂ, ಮೂರು ತಿಂಗಳ ನಂತರ ಚೇತರಿಸಿಕೊಂಡವರು ಔಷಧ ಪಡೆದವರಲ್ಲೇ ಹೆಚ್ಚು. ನಾಳ ತೆರೆಯುವುದೇ ಮೊದಲ ಕೆಲಸ, ಆದರೆ ಈ ಔಷಧ ಕೊಡುವುದು 4.5 ಗಂಟೆಯೊಳಗೆ.

ಗಡಿಯಾರ ಶುರುವಾಗುವುದು ರೋಗಿ ಸರಿಯಾಗಿದ್ದುದನ್ನು ಕೊನೆಯ ಬಾರಿ ಕಂಡ ಹೊತ್ತಿನಿಂದ. ರಾತ್ರಿ ಹತ್ತಕ್ಕೆ ಮಲಗಿ ಬೆಳಿಗ್ಗೆ ಐದಕ್ಕೆ ಕೈ ಬಿದ್ದಿದ್ದು ಕಂಡರೆ ಲೆಕ್ಕ ಹತ್ತರಿಂದ. ಅಂಥವರಿಗೆ ಎಂಆರ್‌ಐ ನೋಡಿ ತೀರ್ಮಾನಿಸಬೇಕಾಗುತ್ತದೆ. ಔಷಧ ಕೊಡುವ ಮುಂಚೆ ಸಿಟಿ ಸ್ಕ್ಯಾನ್ ಮತ್ತು ಸಕ್ಕರೆ ಪರೀಕ್ಷೆ ಆಗಿರಬೇಕು, ಬಿಪಿ 185/110ಕ್ಕಿಂತ ಕೆಳಗಿರಬೇಕು. ಪ್ರಮಾಣ ಕಿಲೋಗೆ 0.9 ಮಿ.ಗ್ರಾಂ., ಗರಿಷ್ಠ 90. ಅಂದರೆ 60 ಕಿಲೋ ರೋಗಿಗೆ 54 ಮಿ.ಗ್ರಾಂ.: 5.4 ಒಂದು ನಿಮಿಷದಲ್ಲಿ, ಉಳಿದ 48.6 ಒಂದು ಗಂಟೆಯಲ್ಲಿ. ಎಡವಟ್ಟು ಆಗುವುದು ತೂಕವನ್ನು ಅಂದಾಜಿನಲ್ಲಿ ಬರೆದಾಗ, ಪುಡಿ ಬೆರೆಸುವಾಗ ಬಾಟಲಿ ಕುಲುಕಿ ನೊರೆ ಬರಿಸಿದಾಗ, ಕೊನೆಯಲ್ಲಿ ಕೊಳವೆಯೊಳಗೆ ಉಳಿದ ಔಷಧವನ್ನು ಮರೆತಾಗ. ಅದನ್ನು ಅದೇ ವೇಗದಲ್ಲಿ ಸಲೈನ್ ಹರಿಸಿ ಒಳಕ್ಕೆ ಕಳಿಸಬೇಕು. ಮುಂದಿನ 24 ಗಂಟೆ ಬಿಪಿ 180/105 ದಾಟಬಾರದು, ಆಸ್ಪಿರಿನ್ ಕೊಡಬಾರದು.

ಟಿಪಿಎ ನೆನಪಿಗೆ ಬೇಕು ಎಂದಮೇಲೆ ಹಳೆಯ ಲಕ್ವಕ್ಕೂ ಮರೆವಿಗೂ ಹಾಕಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಆಗದು. ಸತ್ತ ಭಾಗ ನಾಳ ತೆರೆದರೂ ಬದುಕುವುದಿಲ್ಲ, ರಕ್ತಸ್ರಾವದ ಅಪಾಯವಷ್ಟೇ ಉಳಿಯುತ್ತದೆ. ಸಿನಾಪ್ಸ್‌ಗೆ ಬೇಕಾದ ಟಿಪಿಎಯನ್ನು ನರಕೋಶ ತನ್ನ ಚಟುವಟಿಕೆಗೆ ತಕ್ಕಂತೆ, ತನಗೆ ಬೇಕಾದ ಜಾಗದಲ್ಲಿ, ಚೂರುಚೂರೇ ಬಿಡುತ್ತದೆ. ರಕ್ತಕ್ಕೆ ಚುಚ್ಚಿದ ಔಷಧ ಆ ಕೆಲಸಕ್ಕೆ ಬಾರದು. ಹಳೆಯ ಲಕ್ವಕ್ಕೆ ಫಿಸಿಯೋಥೆರಪಿಯೇ ದಾರಿ. ಹೊಸ ಲಕ್ವದಲ್ಲಿ ಅದಕ್ಕೂ ಅವಸರ ಬೇಡ: 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, 24 ಗಂಟೆಯೊಳಗೇ ಹೆಚ್ಚು ಹೊತ್ತು ಎಬ್ಬಿಸಿ ನಡೆಸಿದವರ ಚೇತರಿಕೆ ಕಡಿಮೆಯಿತ್ತು. ರೋಗಿ ಸ್ಥಿರವಾದ ಮೇಲೆ ಸ್ವಲ್ಪ ಸ್ವಲ್ಪ ಹೊತ್ತು, ದಿನಕ್ಕೆ ಹಲವು ಬಾರಿ ಮಾಡಿಸಿ. ಲೋಟ ಹಿಡಿಯುವುದು, ಗುಂಡಿ ಹಾಕುವುದು ಇಂಥ ನಿತ್ಯದ ಕೆಲಸಗಳನ್ನು ಬಿದ್ದ ಕೈಯಿಂದಲೇ ಮಾಡಿಸಿ.