ಚಿತ್ರ ಬಿಡಿಸಲು ಬಾರದವರು ಕಾಮಿಕ್ಸ್ ಕಾರ್ಯಾಗಾರಕ್ಕೆ ಹೋಗಬಹುದೇ?

ಪ್ರಶ್ನೆ: ಕಾಮಿಕ್ಸ್ ಓದುತ್ತಾ, ವಿಡಿಯೊ ಗೇಮ್ ಆಡುತ್ತಾ ಬೆಳೆದವಳು ನಾನು. ಅಭಿಮಾನಿಗಳಿಗಾಗಿ ನಡೆಸುವ ಕಾಮಿಕ್ಸ್ ಮತ್ತು ಗೇಮ್ ವಿನ್ಯಾಸದ ಕಾರ್ಯಾಗಾರಕ್ಕೆ ಸೇರುವ ಆಸೆಯಿದೆ. ಆದರೆ ನಾನು ಬರೆದ ಚಿತ್ರದಲ್ಲಿ ಮೂಗು ಕೂಡ ನೆಟ್ಟಗಿರುವುದಿಲ್ಲ, ಕೋಡಿಂಗ್ ಅಂತೂ ಗೊತ್ತೇ ಇಲ್ಲ. ಹೋದರೆ ಪ್ರಯೋಜನವಿದೆಯೇ?

ಉತ್ತರ: ಧಾರಾಳವಾಗಿ ಹೋಗಿ. ಮೂಗು ನೆಟ್ಟಗಿರಲೇಬೇಕೆಂದು ಕಾಮಿಕ್ಸ್ ಯಾವತ್ತೂ ಹಟ ಹಿಡಿದಿಲ್ಲ. 2005ರಲ್ಲಿ ಶುರುವಾದ ‘ಎಕ್ಸ್‌ಕೆಸಿಡಿ’ ಎಂಬ ಅಂತರ್ಜಾಲ ಕಾಮಿಕ್ಸ್‌ನಲ್ಲಿ ಇರುವವರೆಲ್ಲ ಕಡ್ಡಿ ಮನುಷ್ಯರು. ಅವರಿಗೆ ಮೂಗಿರಲಿ, ಕಣ್ಣು ಬಾಯಿಯೂ ಇಲ್ಲ. ಆದರೂ ಲೋಕವೆಲ್ಲ ಓದುತ್ತದೆ.

ಕಾಮಿಕ್ಸ್‌ನ ಕಸುಬು ಇರುವುದು ಏನನ್ನು ಬಿಡಬೇಕು ಎಂಬ ತೀರ್ಮಾನದಲ್ಲಿ. ಒಂದು ಸಣ್ಣ ಅಭ್ಯಾಸ ಮಾಡಿ ನೋಡಿ. ಬಾಗಿಲು ಬಡಿದ ಸದ್ದು ಕೇಳಿ ಒಬ್ಬಳು ಎದ್ದು ಹೋಗಿ ತೆಗೆಯುತ್ತಾಳೆ, ಹೊರಗೆ ಯಾರೂ ಇಲ್ಲ. ಇಷ್ಟೇ ಕಥೆ. ಹೊಸಬರು ತಲೆ ಎತ್ತಿದ್ದು, ಎದ್ದದ್ದು, ನಡೆದದ್ದು, ಚಿಲಕ ಹಿಡಿದದ್ದು ಎಂದು 7–8 ಚೌಕಟ್ಟು ತುಂಬಿಸುತ್ತಾರೆ. ಅದನ್ನೇ ಮೂರಕ್ಕೆ ಇಳಿಸಿ: ಸದ್ದು, ಚಿಲಕದ ಮೇಲೆ ಕೈ, ಬರಿದಾದ ಹೊಸ್ತಿಲು. ಅವಳು ನಡೆದು ಬಂದದ್ದನ್ನು ಎರಡು ಚೌಕಟ್ಟುಗಳ ನಡುವಿನ ಖಾಲಿ ಜಾಗದಲ್ಲಿ ಓದುಗರೇ ಊಹಿಸಿಕೊಳ್ಳುತ್ತಾರೆ. ಇನ್ನು ಆ ಹೊಸ್ತಿಲನ್ನು ಪುಟ ಮಗುಚಿದ ಮೇಲೆ ಕಾಣುವಂತೆ ಇಟ್ಟರೆ, ಬಾಗಿಲು ತೆಗೆಯುವ ಕೈ ಓದುಗರದ್ದೇ ಆಗುತ್ತದೆ. ಇದಕ್ಕೆ ಬೇಕಾದದ್ದು ಪೆನ್ಸಿಲ್ ಮತ್ತು ಅಳಿಸುವ ಧೈರ್ಯ. ಮಾತಿನ ಗುಳ್ಳೆಯ ವಿಷಯವೂ ಹಾಗೆಯೇ: ಮೊದಲು ಮಾತು ಬರೆದು ಆಮೇಲೆ ಸುತ್ತ ಗುಳ್ಳೆ ಎಳೆಯಬೇಕು. ತಿರುಗಾಮುರುಗಾ ಮಾಡಿದರೆ ಕೊನೆಯ ಅಕ್ಷರಗಳು ಗೋಡೆಗೆ ಒತ್ತಿಕೊಂಡು ನರಳುತ್ತವೆ.

ಗೇಮ್ ವಿಭಾಗದಲ್ಲಿ ಒಳ್ಳೆಯ ತರಬೇತುದಾರರು ಕಂಪ್ಯೂಟರ್ ಮುಟ್ಟುವ ಮೊದಲು ಕಾಗದ, ದಾಳ, ಗುಂಡಿಗಳನ್ನು ಕೊಡುತ್ತಾರೆ. ನಿಯಮ ನೀವು ಮಾಡಿ, ಪಕ್ಕದವರಿಗೆ ಆಡಲು ಕೊಟ್ಟು, ಬಾಯಿ ಮುಚ್ಚಿ ಕೂರಬೇಕು. ಕಷ್ಟವೆಲ್ಲ ಇಲ್ಲೇ. ಅವರು ತಪ್ಪು ದಾರಿ ಹಿಡಿದಾಗ ‘ಹಾಗಲ್ಲ, ಹೀಗೆ’ ಎನ್ನಲು ನಾಲಿಗೆ ತುರಿಸುತ್ತದೆ. ಆದರೆ ಮುಂದೆ ನಿಮ್ಮ ಆಟ ಆಡುವವರ ಪಕ್ಕದಲ್ಲಿ ನೀವು ಇರುವುದಿಲ್ಲವಲ್ಲ! 1985ರ ‘ಸೂಪರ್ ಮಾರಿಯೊ ಬ್ರದರ್ಸ್’ನ ಆರಂಭ ನೆನಪಿಸಿಕೊಳ್ಳಿ. ಮಾರಿಯೊ ಪರದೆಯ ಎಡಗಡೆ ನಿಂತಿದ್ದಾನೆ, ಬಲಗಡೆ ಬಯಲು. ಅತ್ತ ಹೊರಟರೆ ಸ್ವಲ್ಪದರಲ್ಲೇ ಮೊದಲ ಶತ್ರು ಎದುರಾಗುತ್ತಾನೆ. ತಾಗಿದರೆ ಸತ್ತೆ, ಹಾರಿದರೆ ಉಳಿದೆ. ಒಂದು ಸಾಲಿನ ಸೂಚನೆಯೂ ಇಲ್ಲದೆ ಪಾಠ ಮುಗಿಯಿತು.

ಕೋಡಿಂಗ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2009ರಲ್ಲಿ ಬಂದ ಟ್ವೈನ್ ಎಂಬ ತಂತ್ರಾಂಶದಲ್ಲಿ ಕಥೆಯ ತುಣುಕುಗಳನ್ನು ಬರೆದು ಒಂದಕ್ಕೊಂದು ಕೊಂಡಿ ಹಾಕಿದರೆ ಆಯ್ಕೆಗಳ ಆಟ ಸಿದ್ಧ. ಪುಟ್ಟ ಗೇಮ್ ಮಾಡಲು ಇರುವ ಬಿಟ್ಸಿ ಎಂಬ ತಂತ್ರಾಂಶದಲ್ಲಿ ಪ್ರತಿ ಚಿತ್ರವೂ 8x8 ಚುಕ್ಕಿಗಳ ಚೌಕ, ಅಷ್ಟರಲ್ಲಿ ಯಾರ ಮೂಗೂ ನೆಟ್ಟಗೆ ಬರುವುದಿಲ್ಲ. ಎರಡೂ ಉಚಿತ.

ನಿಜವಾದ ತೊಡಕು ಅಭಿಮಾನದ್ದು. ಅಭಿಮಾನಿಗೆ ಕಣ್ಣು ಪಳಗಿರುತ್ತದೆ, ಯಾವುದು ಸಪ್ಪೆ ಎಂದು ಥಟ್ಟನೆ ತಿಳಿಯುತ್ತದೆ. ಆದರೆ ಮೊದಲ ದಿನವೇ ಹನ್ನೆರಡು ಸಂಪುಟಗಳ ಮಹಾಗಾಥೆಗೆ ಕೈ ಹಾಕುವವರೂ ಅವರೇ. ಇದಕ್ಕೆ ಗಡುವೇ ಮದ್ದು. ಅಮೆರಿಕದ ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್‌ಕ್ಲೌಡ್ 1990ರಲ್ಲಿ 24 ಗಂಟೆಗಳಲ್ಲಿ 24 ಪುಟಗಳ ಕಾಮಿಕ್ಸ್ ಮುಗಿಸುವ ಸವಾಲನ್ನು ಹುಟ್ಟುಹಾಕಿದರು. 2009ರಲ್ಲಿ ಆರಂಭವಾದ ಗ್ಲೋಬಲ್ ಗೇಮ್ ಜ್ಯಾಮ್ ಎಂಬ ಗೇಮ್ ತಯಾರಿಕೆಯ ಕೂಟ 48 ಗಂಟೆಗಳ ಗಡುವನ್ನು ಜಗತ್ತಿಗೆಲ್ಲ ಹಬ್ಬಿಸಿತು. ಹೊಸಬರು ನಿದ್ದೆಗೆಡಬೇಕೆಂದು ನಾನು ಹೇಳುವುದಿಲ್ಲ. ಒಂದೇ ಹಾಳೆಯನ್ನು ಮಡಚಿ, ನಡುವೆ ಒಂದು ಸೀಳು ಕೊಟ್ಟು ಮಾಡುವ 8 ಪುಟಗಳ ಕಿರುಪುಸ್ತಕ ಮೊದಲ ಸಲಕ್ಕೆ ಬೇಕಾದಷ್ಟಾಯಿತು. ನೆಚ್ಚಿನ ಪಾತ್ರಗಳನ್ನು ಅಭ್ಯಾಸಕ್ಕೆ ಎರವಲು ಪಡೆಯಿರಿ, ಆದರೆ ಮಾರಾಟಕ್ಕೆ ಇಳಿದರೆ ಹಕ್ಕುದಾರರ ಅನುಮತಿಯ ಪ್ರಶ್ನೆ ಏಳುತ್ತದೆ.

ಶುಲ್ಕ ಕಟ್ಟುವ ಮೊದಲು ಸಂಘಟಕರನ್ನು ಎರಡು ಮಾತು ಕೇಳಿ. ನಾವು ಕೈಯಾರೆ ಮಾಡುವುದಕ್ಕೆ ಎಷ್ಟು ಹೊತ್ತು ಸಿಗುತ್ತದೆ? ಮಾಡಿದ್ದನ್ನು ಬೇರೆಯವರು ಅಲ್ಲೇ ಓದುತ್ತಾರೆಯೇ, ಆಡುತ್ತಾರೆಯೇ? ದಿನವಿಡೀ ಖ್ಯಾತನಾಮರು ಪರದೆಯ ಮೇಲೆ ತಮ್ಮ ಕೆಲಸ ತೋರಿಸುವುದಾದರೆ ಅದು ಉಪನ್ಯಾಸ. ಖುಷಿಯಾಗಿ ಕೇಳಿ ಬರಬಹುದು, ಆದರೆ ಕಾರ್ಯಾಗಾರದ ಶುಲ್ಕ ತೆರಬೇಕಾಗಿಲ್ಲ.