ವಾಚ್ ರಿಪೇರಿ ಮೇಜು ಎದೆಮಟ್ಟಕ್ಕೆ ಏಕಿರಬೇಕು?

ಪ್ರಶ್ನೆ: ಊಟದ ಮೇಜಿನ ಮೇಲೆ ಹಳೆಯ ಎಚ್‌ಎಂಟಿ ಬಿಚ್ಚಿಕೊಂಡು ಕೂತರೆ ಅರ್ಧ ಗಂಟೆಯಲ್ಲಿ ಕತ್ತು ಹಿಡಿದುಕೊಳ್ಳುತ್ತದೆ, ಸ್ಕ್ರೂ ತಲೆಯೂ ಸರಿಯಾಗಿ ಕಾಣುವುದಿಲ್ಲ. 10 ಪವರಿನ ಐ ಗ್ಲಾಸ್ (ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ) ಕೊಂಡರೆ ಸರಿಹೋದೀತೆ?

ಇಲ್ಲ, ಇನ್ನಷ್ಟು ಕೆಡುತ್ತದೆ. ‘ಪವರ್ ಹೆಚ್ಚಾದಷ್ಟೂ ಒಳ್ಳೆಯದು’ ಎಂಬ ನಂಬಿಕೆ ಎಷ್ಟು ಹೇಳಿದರೂ ಸಾಯುವುದಿಲ್ಲ. ಹಾಗಾಗಿ ಈ ಸಲ ಲೆಕ್ಕ ಹಾಕಿಯೇ ನೋಡೋಣ. 250ನ್ನು ಪವರಿನಿಂದ ಭಾಗಿಸಿದರೆ ಗಾಜಿಗೂ ಕೆಲಸಕ್ಕೂ ಇರಬೇಕಾದ ಅಂತರ ಮಿಲಿಮೀಟರಿನಲ್ಲಿ ಸಿಗುತ್ತದೆ. 10 ಪವರಿಗೆ ಅದು 25 ಮಿ.ಮೀ., ಅಂದರೆ ಒಂದು ಇಂಚು. ಆ ಸಂದಿಯಲ್ಲಿ ಟ್ವೀಜರ್ ತೂರಿಸುವುದೆಲ್ಲಿ? ಕೈ ಮೂಗಿಗೆ ತಾಗುತ್ತದೆ, ತಲೆಯ ನೆರಳು ಕೆಲಸದ ಮೇಲೇ ಬೀಳುತ್ತದೆ. ಮೇಲಿನ ಬ್ರಿಜ್ (ಚಕ್ರಗಳನ್ನು ಹಿಡಿದಿಡುವ ಲೋಹದ ಪಟ್ಟಿ) ಸ್ಪಷ್ಟವಾಗಿದ್ದರೆ ಅದರ ಕೆಳಗಿನ ಚಕ್ರ ಮಸುಕು. ಚಕ್ರದ ಅಚ್ಚು ಕೂರುವ ಕೆಂಪು ಕಲ್ಲು ಸೀಳಿದೆಯೇ, ಎಣ್ಣೆ ಎಲ್ಲಿ ನಿಂತಿದೆ ಎಂದು ಪರೀಕ್ಷಿಸಲಷ್ಟೇ 10 ಪವರ್. ಬಿಚ್ಚಿ ಜೋಡಿಸಲು 2.5ರಿಂದ 4 ಧಾರಾಳ ಸಾಕು.

ಇನ್ನು ಕತ್ತಿನ ವಿಷಯ. ಕುರ್ಚಿಯಲ್ಲಿ ನೆಟ್ಟಗೆ ಕೂತವರ ಕಣ್ಣು ನೆಲದಿಂದ ಸುಮಾರು 120 ಸೆಂ.ಮೀ. ಮೇಲಿರುತ್ತದೆ. 3.3 ಪವರಿನ ಗಾಜಿಗೆ ಕೆಲಸ ಏಳೂವರೆ ಸೆಂ.ಮೀ. ದೂರದಲ್ಲಿರಬೇಕು. ಊಟದ ಮೇಜಿನ ಎತ್ತರ 75. ಅಲ್ಲಿಗೆ ನೀವು ಹೆಚ್ಚುಕಡಿಮೆ ಒಂದೂಕಾಲು ಅಡಿ ಬಗ್ಗಲೇಬೇಕು! ಕಸುಬುದಾರರ ಮೇಜು 95–100 ಸೆಂ.ಮೀ. ಇರುವುದು ಇದಕ್ಕೇ. ಕಣ್ಣಿಗಿಂತಲೂ ಕೈಗೆ ಅದರ ಲಾಭ ಹೆಚ್ಚು. ಮುಂಗೈ ಪೂರ್ತಿ ಮೇಜಿಗೆ ಒರಗಿದರೆ ಭುಜದ ನಡುಕ ಬೆರಳಿಗೆ ಇಳಿಯುವುದಿಲ್ಲ. ಗಾಳಿಯಲ್ಲಿ ನೇತಾಡುವ ಮೊಣಕೈಯಿಂದ ಬ್ಯಾಲೆನ್ಸ್ (ಹಿಂದೆ ಮುಂದೆ ತೂಗುವ ಚಕ್ರ) ಕೂರಿಸಲು ಹೋದವರು ಅದರ ಕೂದಲೆಳೆಯಂಥ ಹೇರ್‌ಸ್ಪ್ರಿಂಗ್ ತಿರುಚಿಟ್ಟು ಬರುತ್ತಾರೆ.

ಹೊಸ ಮೇಜು ಬೇಡ. ಇರುವ ಮೇಜಿನ ಮೇಲೆ 20–25 ಸೆಂ.ಮೀ. ಎತ್ತರದ ಗಟ್ಟಿ ಪೀಠ ಇಡಿ. ಅದರ ಮೇಲೆ ಲೋಟದಲ್ಲಿ ನೀರಿಟ್ಟು ಮೇಜನ್ನು ತಟ್ಟಿ ನೋಡಿ. ನೀರು ಬಹಳ ಹೊತ್ತು ಅಲುಗಿದರೆ ಕಾಲಿಗೆ ಬೆಣೆ ಕೊಡಿ. ಹಾಸು ತಿಳಿಬಣ್ಣದ್ದು, ಹೊಳಪಿಲ್ಲದ್ದು ಇರಲಿ. ಬರಿಯ ಗಾಜಿನ ಮೇಲೆ ಬಿದ್ದ ಸ್ಕ್ರೂ ಪುಟಿದು ಹೋಗುತ್ತದೆ. ಅಂಚಿಗೆ 5 ಮಿ.ಮೀ. ಪಟ್ಟಿ ಹೊಡೆಯಿರಿ. ಸ್ಪೀಕರ್ ದೂರವಿರಲಿ, ಅದರ ಅಯಸ್ಕಾಂತ ಟ್ವೀಜರಿಗೆ ಅಂಟುರೋಗ. ಫ್ಯಾನ್ ಆರಿಸಿ, ಸೆಖೆ ತಡೆದುಕೊಳ್ಳಿ.

ದೀಪ ಮುಂದಿನಿಂದ, ಕಣ್ಣಿಗಿಂತ ಕೆಳಗಿನಿಂದ ಬರಲಿ. ಸ್ವಿಟ್ಜರ್ಲೆಂಡಿನ ಗಡಿಯಾರ ಕಸುಬಿನ ಪಟ್ಟಣ ಲಾ ಶೋ-ದ-ಫೋಂ 1794ರ ಬೆಂಕಿಯ ನಂತರ ಸಾಲುಸಾಲು ಬೀದಿಗಳಾಗಿ ಮತ್ತೆ ಎದ್ದಿತು. ಬೆಳಕು ಮುಂದಿನಿಂದ ಬೀಳಲೆಂದೇ ಅಲ್ಲಿನ ಕೆಲಸಗಾರರು ಮೇಜು ಹಾಕುತ್ತಿದ್ದುದು ಕಿಟಕಿಗೆ ಎದುರಾಗಿ.

ಯಾರೂ ಕೇಳದಿದ್ದರೂ ಇದೊಂದನ್ನು ಹೇಳಿಬಿಡುತ್ತೇನೆ: ಸ್ಕ್ರೂ ಹಾರಿದಾಗ ಎದ್ದು ನಿಲ್ಲಬೇಡಿ. ಅದು ಬಹುಪಾಲು ನಿಮ್ಮ ಮಡಿಲಲ್ಲೇ ಇರುತ್ತದೆ, ಎದ್ದೊಡನೆ ನೆಲದ ಪಾಲು. ಏಪ್ರನ್ನಿನ ಕೆಳತುದಿಯನ್ನು ಮೇಜಿನ ಅಡಿಗೆ ಸಿಕ್ಕಿಸಿಕೊಂಡು ಕೂರುವುದು ಅದಕ್ಕಾಗಿ. ಮೊದಲು ತೋಳಿನ ಮಡಿಕೆ ನೋಡಿ. ಆಮೇಲೆ ಕೋಣೆ ಕತ್ತಲು ಮಾಡಿ ಟಾರ್ಚನ್ನು ನೆಲಕ್ಕೆ ಮಲಗಿಸಿ ಹಾಯಿಸಿದರೆ ಬಿದ್ದ ಬಿಡಿಭಾಗಕ್ಕಿಂತ ಅದರ ನೆರಳು ಉದ್ದವಾಗಿ ಕಾಣುತ್ತದೆ. ಅಯಸ್ಕಾಂತ ಉಕ್ಕಿಗಷ್ಟೇ ಆಗುತ್ತದೆ. ಹಿತ್ತಾಳೆಗೂ ಕಲ್ಲಿಗೂ ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ತೆಳು ನೈಲಾನ್ ಕಾಲುಚೀಲ ಕಟ್ಟಿ ಎಳೆಯಿರಿ.